ಅಗ್ಗದ ಪೈಪ್ ತಂಬಾಕನ್ನು ವರ್ಷಗಟ್ಟಲೆ ಕೂಡಿಟ್ಟರೆ ರುಚಿ ಬರುತ್ತದೆಯೇ?

ಪ್ರಶ್ನೆ: ಟೆಕ್ಸಾಸ್‌ನಲ್ಲಿದ್ದೇನೆ, ಪೈಪ್ ಸೇದುವ ಅಭ್ಯಾಸವಿದೆ. ದುಬಾರಿ ಡಬ್ಬಿಗಳನ್ನು ಹತ್ತು ವರ್ಷ ಇಟ್ಟು ಆಮೇಲೆ ಸೇದುವವರ ವರ್ಣನೆ ಕೇಳಿ ನನಗೂ ಆಸೆಯಾಗಿದೆ. ಆದರೆ ನಾನು ಕೊಳ್ಳುವುದು ಪ್ರಿನ್ಸ್ ಆಲ್ಬರ್ಟ್, ಕಾರ್ಟರ್ ಹಾಲ್, ಅಪರೂಪಕ್ಕೊಮ್ಮೆ ಕ್ಯಾಪ್ಟನ್ ಬ್ಲ್ಯಾಕ್. ಇಂಥ ಅಗ್ಗದ ಮಾಲನ್ನು ಗ್ಯಾರೇಜಿನಲ್ಲಿ ಕೂಡಿಟ್ಟರೆ ಏನಾದರೂ ಉಪಯೋಗವುಂಟೇ?

ಉತ್ತರ: ನೀವು ಹೆಸರಿಸಿದ ಮೂರನ್ನೂ ರುಚಿ ಬರಲೆಂದು ವರ್ಷಗಟ್ಟಲೆ ಇಡುವುದು ದಂಡ. ಗ್ಯಾರೇಜಿನಲ್ಲಿ ಇಡುವುದಂತೂ ಬೇಡವೇ ಬೇಡ. ಆದರೆ ಅವು ಅಗ್ಗ ಎಂಬುದು ಇದಕ್ಕೆ ಕಾರಣವಲ್ಲ. ಅಷ್ಟೇ ಅಗ್ಗಕ್ಕೆ ಸಿಗುವ ಬೇರೆ ಕೆಲವನ್ನು ಧಾರಾಳವಾಗಿ ಇಡಬಹುದು. ತಂಬಾಕು ಹಳೆಯದಾಗಿ ಚೆನ್ನಾಗುವುದೋ ಇಲ್ಲವೋ ಎಂಬುದನ್ನು ತೀರ್ಮಾನಿಸುವುದು ಬೆಲೆಚೀಟಿಯಲ್ಲ, ಸೊಪ್ಪಿನೊಳಗೆ ಉಳಿದಿರುವ ಸಕ್ಕರೆ.

ನೀವು ಹುಣಸೂರು, ಪಿರಿಯಾಪಟ್ಟಣದ ಕಡೆಯವರಾಗಿದ್ದರೆ ಅರ್ಧ ಉತ್ತರ ನಿಮಗೆ ಆಗಲೇ ಗೊತ್ತಿರುತ್ತದೆ. ಅಲ್ಲಿ ಬೆಳೆಯುವ ಹೊಗೆಸೊಪ್ಪು ವರ್ಜೀನಿಯಾ ಜಾತಿಯದು. ಕಿತ್ತ ಎಲೆಯನ್ನು ಬ್ಯಾರನ್ ಎಂಬ ಹದಮನೆಯೊಳಗೆ ತೂಗುಹಾಕಿ ಕೊಳವೆಯ ಬಿಸಿಯಲ್ಲಿ ಹದ ಮಾಡುತ್ತಾರೆ. ಮೊದಲು ಹದವಾದ ಬಿಸಿ, 35–40 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸು. ಎಲೆ ಹಳದಿಗೆ ತಿರುಗುವ ಈ ಹೊತ್ತಿನಲ್ಲಿ ಅದರೊಳಗಿನ ಪಿಷ್ಟದ ಬಹುಪಾಲು ಸಕ್ಕರೆಯಾಗುತ್ತದೆ. ಆಮೇಲೆ ಬಿಸಿಯನ್ನು 70 ಡಿಗ್ರಿಯವರೆಗೂ ಏರಿಸಿ ಎಲೆಯನ್ನೂ ದಂಟನ್ನೂ ಒಣಗಿಸುತ್ತಾರೆ. ಎಲೆಯ ಜೀವ ಅಲ್ಲಿಗೆ ನಿಲ್ಲುವುದರಿಂದ ಸಕ್ಕರೆ ಹಾಗೆಯೇ ಸಿಕ್ಕಿಕೊಂಡು ಉಳಿಯುತ್ತದೆ. ಒಂದು ವಾರದೊಳಗಿನ ಕೆಲಸ ಇದು. ಹೀಗೆ ಬೆಂದ ವರ್ಜೀನಿಯಾದಲ್ಲಿ ತೂಕದ ಶೇ. 10ರಿಂದ 25ರಷ್ಟು ಸಕ್ಕರೆ ಇರುತ್ತದೆ.

ಅಮೆರಿಕದ ಕೆಂಟಕಿಯ ಬರ್ಲಿ ಸೊಪ್ಪಿನ ದಾರಿ ಬೇರೆ. ಅದನ್ನು ಗಾಳಿಯಾಡುವ ಕೊಟ್ಟಿಗೆಯಲ್ಲಿ ವಾರಗಟ್ಟಲೆ ನೇತುಹಾಕುತ್ತಾರೆ. ನಿಧಾನವಾಗಿ ಸಾಯುವ ಎಲೆ ತನ್ನ ಸಕ್ಕರೆಯನ್ನೆಲ್ಲ ತಾನೇ ಉಸಿರಾಡಿ ಮುಗಿಸಿಬಿಡುತ್ತದೆ. ಉಳಿಯುವುದು ಹೆಚ್ಚೂಕಡಿಮೆ ಸೊನ್ನೆ.

ಮುಚ್ಚಿದ ಜಾಡಿಯೊಳಗೆ ವರ್ಷಗಟ್ಟಲೆ ನಡೆಯುವುದು ಮುಖ್ಯವಾಗಿ ಈ ಸಕ್ಕರೆಗೂ ಎಲೆಯ ಅಮೈನೋ ಆಮ್ಲಗಳಿಗೂ ನಡುವಿನ ನಿಧಾನದ ವ್ಯವಹಾರ. ನಮ್ಮ ಅಡುಗೆಮನೆಯ ಹುಣಸೆಹಣ್ಣು ಹಳೆಯದಾದಂತೆ ಕಪ್ಪಾಗಿ, ಚೂಪಾದ ಹುಳಿ ಕಳೆದುಕೊಂಡು ಪುಳಿಯೋಗರೆ ಗೊಜ್ಜಿಗೆ ಹದಕ್ಕೆ ಬರುವುದೂ ಇಂಥದೇ ಬಣ್ಣಗಟ್ಟುವಿಕೆಯಿಂದ. ವರ್ಜೀನಿಯಾ ಎಲೆಯೂ ಹಾಗೆ ಕಂದಾಗುತ್ತದೆ. ಹಸಿ ಹುಲ್ಲಿನಂಥ ಘಾಟು ಹೋಗಿ ಒಣ ಅಂಜೂರ, ಬೇಯಿಸಿದ ಹಣ್ಣಿನ ಕಡೆಗೆ ವಾಸನೆ ತಿರುಗುತ್ತದೆ, ನಾಲಿಗೆ ಉರಿಸುವ ಗುಣ ತಗ್ಗುತ್ತದೆ. ಒತ್ತಿ ಹಾಳೆಯಾಗಿ ಕತ್ತರಿಸಿದ ಫ್ಲೇಕ್‌ನಲ್ಲಿ ಇದು ಎದ್ದು ಕಾಣುತ್ತದೆ. ಮೊದಲ ವ್ಯತ್ಯಾಸ ಒಂದೆರಡು ವರ್ಷಕ್ಕೆ ಗೊತ್ತಾಗುತ್ತದೆ, ಐದಕ್ಕೆ ಅನುಮಾನವೇ ಉಳಿಯುವುದಿಲ್ಲ. ಅದಾದ ಮೇಲೆ ಬದಲಾವಣೆಯ ವೇಗ ಕಡಿಮೆ. ಹದಿನೈದು ವರ್ಷದ ಡಬ್ಬಿಗೆ ಜನ ಕೊಡುವ ಹಣದಲ್ಲಿ ರುಚಿಯ ಪಾಲಿಗಿಂತ ಅಪರೂಪದ ಪಾಲೇ ಹೆಚ್ಚು ಎಂದು ನನಗನ್ನಿಸುತ್ತದೆ.

ಈಗ ನಿಮ್ಮ ಮೂರಕ್ಕೆ ಬರೋಣ. ಪ್ರಿನ್ಸ್ ಆಲ್ಬರ್ಟ್ ಆರ್. ಜೆ. ರೆನಾಲ್ಡ್ಸ್ ಕಂಪನಿ 1907ರಲ್ಲಿ ತಂದದ್ದು. ಇಂಗ್ಲೆಂಡಿನ ದೊರೆ ಏಳನೆಯ ಎಡ್ವರ್ಡ್ ರಾಜಕುಮಾರನಾಗಿದ್ದಾಗಿನ ಹೆಸರು ಅದಕ್ಕೆ. ಅಮೆರಿಕದ ತುಂಟ ಹುಡುಗರು ಅಂಗಡಿಗೆ ಫೋನ್ ಮಾಡಿ ‘ಡಬ್ಬಿಯಲ್ಲಿ ಪ್ರಿನ್ಸ್ ಆಲ್ಬರ್ಟ್ ಇದ್ದಾನಾ? ಹಾಗಾದರೆ ಪಾಪ, ಹೊರಗೆ ಬಿಡಿ’ ಎಂದು ಕಾಡುತ್ತಿದ್ದದ್ದು ಇದೇ ತಂಬಾಕಿನ ಹೆಸರಿನಲ್ಲಿ. ಅದರ ಮೈಯೆಲ್ಲ ಬರ್ಲಿ, ಹಾಗಾಗಿ ಹಳೆಯದಾಗಲು ಒಳಗೆ ಬಂಡವಾಳವೇ ಇಲ್ಲ. ಕಾರ್ಟರ್ ಹಾಲ್‌ನಲ್ಲಿ ಬರ್ಲಿಯ ಜೊತೆ ವರ್ಜೀನಿಯಾ ಕೂಡ ಇರುವುದರಿಂದ ಐದು ವರ್ಷಕ್ಕೆ ರುಚಿ ತುಸು ದುಂಡಗಾದೀತು. ಅಂಥ ವ್ಯತ್ಯಾಸಕ್ಕಾಗಿ ಕಾಯುವ ತಾಳ್ಮೆ ನನಗಿಲ್ಲ. ಕ್ಯಾಪ್ಟನ್ ಬ್ಲ್ಯಾಕ್‌ನಂಥ ವೆನಿಲಾ ಘಮದವುಗಳಲ್ಲಿ ನಿಮಗೆ ಇಷ್ಟವಾಗುವುದು ಮೇಲೆ ಸಿಂಪಡಿಸಿದ ಪರಿಮಳ. ವರ್ಷ ಕಳೆದಂತೆ ಅದು ಏರುವುದಿಲ್ಲ, ಮಾಸುತ್ತದೆ. ಅದನ್ನು ತಾಜಾ ಕೊಂಡು ತಾಜಾ ಸೇದಿ. ಸುಟ್ಟ ಕಟ್ಟಿಗೆಯ ವಾಸನೆಯ ಲಟಾಕಿಯಾ ಸೇರಿದ ಮಿಶ್ರಣಗಳ ಖಾರವೂ ಹೀಗೆಯೇ ಕಾಲಕ್ರಮದಲ್ಲಿ ಇಳಿಯುತ್ತದೆ. ಆ ಇಳಿತವೇ ಚೆಂದ ಎನ್ನುವವರೂ ಇದ್ದಾರೆ.

ಅಗ್ಗದಲ್ಲೇ ಇಡತಕ್ಕ ಮಾಲು ಬೇಕಿದ್ದರೆ ಡಬ್ಬಿಯ ಸಾಲನ್ನು ಬಿಟ್ಟು, ತೂಕದ ಲೆಕ್ಕದಲ್ಲಿ ಸಡಿಲವಾಗಿ ಮಾರುವ ವರ್ಜೀನಿಯಾ ಫ್ಲೇಕ್‌ಗಳನ್ನು ನೋಡಿ. ಪೀಟರ್ ಸ್ಟೋಕ್‌ಬಿ ಹೆಸರಿನಲ್ಲಿ ಬರುವಂಥವು ಈ ಬಗೆಯವು. ಚಿತ್ರವಿರುವ ತಗಡಿನ ಡಬ್ಬಿಗೂ ಅದರ ಜಾಹೀರಾತಿಗೂ ನೀವು ಹಣ ಕೊಡುತ್ತಿಲ್ಲ, ಎಲೆಗಷ್ಟೇ ಕೊಡುತ್ತಿದ್ದೀರಿ. ನನ್ನನ್ನು ಕೇಳಿದರೆ ಕೂಡಿಡುವವರಿಗೆ ಇದಕ್ಕಿಂತ ಲಾಭದ ವ್ಯಾಪಾರ ಇನ್ನೊಂದಿಲ್ಲ.

ಅಗ್ಗ ಎಂದಾಕ್ಷಣ ಒಂದು ಎಚ್ಚರಿಕೆಯನ್ನೂ ಹೇಳಬೇಕು. 2009ರ ಏಪ್ರಿಲ್‌ನಲ್ಲಿ ಅಮೆರಿಕದ ಕೇಂದ್ರ ತೆರಿಗೆ ಬದಲಾಗಿ, ಕೈಯಲ್ಲಿ ಸಿಗರೇಟು ಸುತ್ತುವ ತಂಬಾಕಿಗೆ ಪೌಂಡಿಗೆ 24.78 ಡಾಲರ್ ಬಿತ್ತು; ಪೈಪ್ ತಂಬಾಕಿಗೆ ಬಿದ್ದದ್ದು 2.83 ಡಾಲರ್ ಮಾತ್ರ. ಸಿಗರೇಟಿನ ತಂಬಾಕು ರಾತ್ರೋರಾತ್ರಿ ‘ಪೈಪ್ ತಂಬಾಕು’ ಎಂಬ ಚೀಟಿ ಅಂಟಿಸಿಕೊಂಡು ದೊಡ್ಡ ದೊಡ್ಡ ಪ್ಲಾಸ್ಟಿಕ್ ಚೀಲಗಳಲ್ಲಿ ಬಂತು. ಈಗಲೂ ಬರುತ್ತಿದೆ. ಎಳೆಎಳೆಯಾಗಿ ಸಣ್ಣಗೆ ಕತ್ತರಿಸಿದ ಈ ಮಾಲು ಪೈಪಿನಲ್ಲಿ ಭಗ್ಗನೆ ಬಿಸಿಯಾಗಿ ಉರಿಯುತ್ತದೆ. ಎಷ್ಟು ವರ್ಷ ಇಟ್ಟರೂ ಅದು ಸಿಗರೇಟಿನ ತಂಬಾಕೇ.

ರುಚಿ ಬದಲಾಗದಿದ್ದರೂ ಕೂಡಿಡಲು ಇನ್ನೊಂದು ನೆಪವಿದೆ, ಅದು ನ್ಯಾಯವಾದದ್ದೇ: ನೆಚ್ಚಿನ ಮಿಶ್ರಣ ನಾಳೆ ಸಿಗದೆ ಹೋಗಬಹುದು. ಕೆಂಪು ವರ್ಜೀನಿಯಾಗೆ ಹೆಸರಾಗಿದ್ದ ಕಾನ್ಸಾಸ್ ಸಿಟಿಯ ಮೆಕ್‌ಕ್ಲೆಲಂಡ್ ಕಂಪನಿ 2018ರಲ್ಲಿ ಬಾಗಿಲು ಹಾಕಿತು. ಅದರ ಉಳಿದ ಡಬ್ಬಿಗಳ ಬೆಲೆ ಗಗನಕ್ಕೇರಿತು. ಅದೇ ವರ್ಷ ಡನ್‌ಹಿಲ್ ಹೆಸರಿನ ಪೈಪ್ ತಂಬಾಕು ನಿಂತು, ಆಮೇಲೆ ಪೀಟರ್ಸನ್ ಹೆಸರಿನಲ್ಲಿ ಮರಳಿತು. 2024ರಲ್ಲಿ ಡೆನ್ಮಾರ್ಕಿನ ಮ್ಯಾಕ್ ಬ್ಯಾರೆನ್ ಕಂಪನಿಯನ್ನು ಸ್ಕ್ಯಾಂಡಿನೇವಿಯನ್ ಟೊಬ್ಯಾಕೊ ಗ್ರೂಪ್ ನುಂಗಿತು. ಹಾಗಾಗಿ ಪ್ರಿನ್ಸ್ ಆಲ್ಬರ್ಟ್ ಬಿಟ್ಟರೆ ಬೇರೆ ಒಗ್ಗದು ಎನ್ನುವವರು ಒಂದೆರಡು ವರ್ಷಕ್ಕಾಗುವಷ್ಟು ಇಟ್ಟುಕೊಂಡರೆ ನಾನು ನಗುವುದಿಲ್ಲ. ಆದರೆ ಅದು ದಿನಸಿ ತುಂಬಿಸಿಟ್ಟಂತೆ, ಅಷ್ಟೇ.

ಇಡುವ ರೀತಿಯಲ್ಲಿ ದೊಡ್ಡ ವಿದ್ಯೆಯೇನೂ ಇಲ್ಲ. ಪ್ಲಾಸ್ಟಿಕ್ ಪೌಚ್‌ನಲ್ಲೇ ಬಿಟ್ಟರೆ ಸೊಪ್ಪು ಒಣಗಿ ಗರಿಗರಿಯಾಗುತ್ತದೆ, ಆದ್ದರಿಂದ ತಂದ ಕೂಡಲೇ ಬಿಗಿಯಾದ ತಿರುಪು ಮುಚ್ಚಳವಿರುವ ಗಾಜಿನ ಮೇಸನ್ ಜಾಡಿಗೆ ಬದಲಿಸಿ. ಜಾಡಿ ಮುಚ್ಚಳದ ಸಮೇತ ಪೂರ್ತಿ ಒಣಗಿರಬೇಕು. ನಿರ್ವಾತ ಮಾಡಬೇಡಿ, ಒಳಗೆ ಸ್ವಲ್ಪ ಗಾಳಿ ಇರಲಿ. ಮತ್ತೆ ಮತ್ತೆ ತೆರೆದು ಮೂಸಿ ನೋಡುವ ಚಪಲಕ್ಕೆ ಒಂದು ಸಣ್ಣ ಜಾಡಿಯನ್ನು ಬೇರೆ ಇಟ್ಟುಕೊಳ್ಳಿ. ಹಳೆಯ ವರ್ಜೀನಿಯಾದ ಮೇಲೆ ಮಿನುಗುವ ಸಣ್ಣ ಬಿಳಿ ಹರಳು ಕಂಡರೆ ಹೆದರಬೇಕಿಲ್ಲ. ನೂಲಿನಂತೆ ಹಬ್ಬಿದ್ದು, ಮುಗ್ಗಲು ವಾಸನೆ ಬಂದರೆ ಮಾತ್ರ ಅದು ಬೂಷ್ಟು. ಇಡೀ ಜಾಡಿಯನ್ನೇ ಕಸಕ್ಕೆ ಹಾಕಿ. ಊರಿಗೆ, ಅದರಲ್ಲೂ ಕರಾವಳಿಗೆ ತರುವವರು ಮಳೆಗಾಲದಲ್ಲಿ ಜಾಡಿ ತೆರೆಯುವಾಗ ಇದನ್ನು ನೆನಪಿಡಬೇಕು.

ಇನ್ನು ನಿಮ್ಮ ಗ್ಯಾರೇಜು. ಟೆಕ್ಸಾಸಿನ ಬೇಸಿಗೆಯಲ್ಲಿ ಅದು ಒಲೆಯೇ ಸರಿ. ಆ ಬಿಸಿಯಲ್ಲಿ ಎಲೆ ಹಣ್ಣಾಗುವುದಿಲ್ಲ, ಸಪ್ಪೆಯಾಗುತ್ತದೆ. ಅದಕ್ಕಿಂತ ಗಂಭೀರವಾದದ್ದು ಬೇರೆ ಇದೆ: ಬರ್ಲಿಯಲ್ಲಿ ನೈಟ್ರೇಟ್ ಹೆಚ್ಚು, ಅದನ್ನು ಬಿಸಿಯಲ್ಲಿ ಇಟ್ಟರೆ ಕ್ಯಾನ್ಸರ್‌ಕಾರಕ ನೈಟ್ರೋಸಮೀನ್‌ಗಳು ಏರುತ್ತವೆ. ಹಳೆಯ ತಂಬಾಕು ‘ಮೃದು’ ಎಂಬ ಮಾತು ನಾಲಿಗೆಗೆ ಮಾತ್ರ ಅನ್ವಯ. ಬಾಯಿ, ಗಂಟಲು, ಶ್ವಾಸಕೋಶಕ್ಕೆ ಆಗುವ ಹಾನಿ ಜಾಡಿಯಲ್ಲಿ ಎಷ್ಟು ವರ್ಷ ಕೂತರೂ ಕಡಿಮೆಯಾಗುವುದಿಲ್ಲ, ನಿಕೋಟಿನ್ ಕೂಡ ಎಲ್ಲೂ ಹೋಗುವುದಿಲ್ಲ. ಮನೆಯೊಳಗೆ ಬಿಸಿಲು ಬೀಳದ ಕಪಾಟು ಸಾಕು.

ಒಂದು ಪೌಂಡ್ ವರ್ಜೀನಿಯಾ ಫ್ಲೇಕ್ ತಂದು ನಾಲ್ಕು ಜಾಡಿ ಮಾಡಿ, ಮುಚ್ಚಳದ ಮೇಲೆ ತಿಂಗಳು, ವರ್ಷ ಬರೆದಿಡಿ. ಒಂದನ್ನು ಈಗಲೇ ಸೇದಿ, ಇನ್ನೊಂದನ್ನು ಎರಡು ವರ್ಷ ಬಿಟ್ಟು ತೆಗೆಯಿರಿ. ಎರಡರ ನಡುವೆ ನಿಮ್ಮ ನಾಲಿಗೆಗೆ ವ್ಯತ್ಯಾಸವೇ ತಿಳಿಯದಿದ್ದರೆ ಕಪಾಟಿನ ಜಾಗವೂ ಉಳಿಯಿತು, ದುಡ್ಡೂ ಉಳಿಯಿತು.