ಮೆಣಸು ಕೊಯ್ಲಿಗೆ ಅಲ್ಯೂಮಿನಿಯಂ ಏಣಿ ತರಬಹುದೇ?

ಪ್ರಶ್ನೆ: ಬಿದಿರೇಣಿ ಬಿಟ್ಟು ಅಲ್ಯೂಮಿನಿಯಂ ಏಣಿ ತರಿಸೋಣ ಅಂತಿದ್ದೇವೆ. ಹಗುರ, ಮೆಟ್ಟಿಲು ಮುರಿಯುವ ಭಯವೂ ಇಲ್ಲ. ಮನೆಯಲ್ಲಿ ಮಾತ್ರ ಬೇಡ ಅಂತಾರೆ. ಏನು ಮಾಡಲಿ?

ಉತ್ತರ: ತೋಟದ ಮೇಲೆ ಕರೆಂಟಿನ ಲೈನ್ ಹಾದುಹೋಗಿದ್ದರೆ ಮನೆಯವರ ಮಾತೇ ಸರಿ. ಲೈನ್ ಇಲ್ಲದಿದ್ದರೆ ಧಾರಾಳವಾಗಿ ತರಿಸಿ.

ಕೊಡಗು, ಚಿಕ್ಕಮಗಳೂರು, ಹಾಸನದ ತೋಟಗಳಲ್ಲಿ ಅಲ್ಯೂಮಿನಿಯಂ ಏಣಿ ಲೈನಿಗೆ ತಾಗಿ ಕಾರ್ಮಿಕರು ಸತ್ತ ಸುದ್ದಿ ಮತ್ತೆ ಮತ್ತೆ ಓದುತ್ತೇವೆ. ಪ್ರತಿ ಸಲವೂ ಹೊಟ್ಟೆ ಉರಿಯುತ್ತದೆ, ಏಕೆಂದರೆ ಇದು ತಪ್ಪಿಸಬಹುದಾದ ಸಾವು. ಒಂದು ಮರ ಮುಗಿಯಿತು, ಪಕ್ಕದ ಮರಕ್ಕೆ ಹೋಗಬೇಕು. ಏಣಿ ಮಲಗಿಸಿ ಮತ್ತೆ ಎತ್ತುವುದು ಯಾರಿಗೆ ಬೇಕು? ಹಗುರ ತಾನೇ, ನಿಂತ ಏಣಿಯನ್ನೇ ಬುಡ ಹಿಡಿದು ಸಾಗಿಸುತ್ತಾರೆ. ಕಣ್ಣು ಕಾಫಿ ಗಿಡದ ನಡುವಿನ ದಾರಿಯ ಮೇಲೆ. ಮೆಣಸಿನ ಬಳ್ಳಿ ಹಬ್ಬಿಸುವ ಸಿಲ್ವರ್ ಓಕ್ ಮರದ ಎಲೆಗಳ ಮರೆಯಲ್ಲಿರುವ ತಂತಿ ಕಾಣುವುದೇ ಇಲ್ಲ. ಏಣಿಯ ತುದಿ ಒಂದು ಸಲ ಓಲಾಡಿದರೆ ಸಾಕು. 11,000 ವೋಲ್ಟಿನ ಲೈನಿಗೆ ತಾಗಲೇಬೇಕೆಂದಿಲ್ಲ, ತೀರಾ ಹತ್ತಿರ ಹೋದರೂ ಕಿಡಿ ಹಾರುತ್ತದೆ. ಹಸಿ ಬಿದಿರು, ಇಬ್ಬನಿಗೆ ನೆನೆದ ಬಿದಿರು ಕೂಡ ಕಾಪಾಡುವುದಿಲ್ಲ. ಆದ್ದರಿಂದ ಲೈನ್ ಹತ್ತಿರದ ಮರಗಳಿಗೆ ಬಣ್ಣದ ಪಟ್ಟಿ ಬಳಿದು, ವಿದ್ಯುತ್ ಇಲಾಖೆಯವರಿಂದ ಲೈನ್ ಆಫ್ ಮಾಡಿಸಿಕೊಂಡೇ ಅಲ್ಲಿ ಕೊಯ್ಯಿಸಿ. ಉಳಿದ ಕಡೆಯೂ ಏಣಿ ಮಲಗಿಸಿಯೇ ಸಾಗಿಸಲಿ. ಕೆಲಸ ನಿಧಾನವಾಗುತ್ತದೆ, ಆಗಲಿ.

ಇನ್ನು ಬೀಳುವ ವಿಷಯ. ಏಣಿ 20 ಅಡಿ ಎತ್ತರದಲ್ಲಿ ಮರಕ್ಕೆ ಒರಗಿದ್ದರೆ ಬುಡ ಸುಮಾರು 5 ಅಡಿ ಆಚೆ ಇರಬೇಕು. ಇಳಿಜಾರಿನಲ್ಲಿ ಒಂದು ಕಾಲಿಗೆ ಕಲ್ಲು ಕೊಡುವ ಬದಲು ಮಣ್ಣು ಕೆತ್ತಿ ಮಟ್ಟ ಮಾಡಿ. ಹತ್ತಿದವರು ಮೊದಲು ತುದಿಯನ್ನು ಮರಕ್ಕೆ ಕಟ್ಟಲಿ, ಅಲ್ಲಿಯವರೆಗೆ ಕೆಳಗೊಬ್ಬರು ಹಿಡಿದಿರಲಿ. ಕೈಗೆಟುಕದ ಕೊನೆಯ ಗೊಂಚಲಿಗೆ ಪಕ್ಕಕ್ಕೆ ವಾಲುವುದೇ ದೊಡ್ಡ ಅಪಾಯ. ಹೊಕ್ಕುಳು ಏಣಿಯ ಎರಡು ಗಳುಗಳ ನಡುವೆಯೇ ಇರಬೇಕು. ಅದಕ್ಕೂ ಸಿಗದಿದ್ದರೆ ಇಳಿದು ಏಣಿ ಸರಿಸಲಿ.

ಬಿದ್ದವರನ್ನು ಕೈಕಾಲು ಹಿಡಿದೆತ್ತಿ ಜೀಪಿಗೆ ಹಾಕಬೇಡಿ. ಬೆನ್ನುಮೂಳೆಗೆ ಪೆಟ್ಟಾಗಿದ್ದರೆ ಆ ಎಳೆದಾಟದಲ್ಲೇ ಕಾಲು ಶಾಶ್ವತವಾಗಿ ಸ್ವಾಧೀನ ತಪ್ಪಬಹುದು. ತಲೆ ಅಲುಗದಂತೆ ಹಿಡಿದು 108ಕ್ಕೆ ಕರೆ ಮಾಡಿ. ಏಣಿ ಲೈನಿಗೆ ತಾಗಿದ್ದರೆ ಮಾತ್ರ ಮೊದಲ ಕರೆ ವಿದ್ಯುತ್ ಇಲಾಖೆಯ ಸಹಾಯವಾಣಿ 1912ಕ್ಕೆ. ಲೈನ್ ಆಫ್ ಆಗಿದೆ ಎಂದು ಅವರು ಹೇಳುವವರೆಗೆ ಹತ್ತಿರ ಹೋಗಬೇಡಿ. ಟ್ರಿಪ್ ಆದ, ಅಂದರೆ ತಾನಾಗಿ ಆಫ್ ಆದ ಲೈನಿಗೆ ಕರೆಂಟು ಮತ್ತೆ ಬರುವುದುಂಟು.