ಭಗದತ್ತ ಮತ್ತು ಬೊಗ್ದಾನ್: ಗಂಡು ಹೆಸರುಗಳನ್ನು ಬಿಡಿಸಿ ಓದುವ ಬಗೆ

ಮಹಾಭಾರತದ ಭಗದತ್ತ ನೆನಪಿದ್ದಾನಾ? ಪ್ರಾಗ್ಜ್ಯೋತಿಷದ ಅರಸು. ಸುಪ್ರತೀಕ ಎಂಬ ಆನೆ ಏರಿ ಕೌರವರ ಪರವಾಗಿ ಕಾದಿದ ಮುದುಕ. ಅವನನ್ನು ಅಲ್ಲೇ ಬಿಟ್ಟು ಸ್ವಲ್ಪ ಹೊತ್ತು ಉಕ್ರೇನಿಗೆ ಹೋಗೋಣ. 1648ರಲ್ಲಿ ಅಲ್ಲಿ ಪೋಲೆಂಡಿನ ಆಳ್ವಿಕೆಯ ವಿರುದ್ಧ ಕೊಸಾಕರು ಎಂಬ ಯೋಧ ಜನ ದಂಗೆ ಎದ್ದರು. ಅವರ ನಾಯಕ ಬೊಹ್ದಾನ್ ಖ್ಮೆಲ್ನಿತ್ಸ್ಕಿ. ಈ ಬೊಹ್ದಾನ್ ರಷ್ಯನ್ನರ, ಪೋಲಿಷರ, ಸರ್ಬಿಯನ್ನರ ಬಾಯಲ್ಲಿ ಬೊಗ್ದಾನ್.

ಭಗದತ್ತ, ಬೊಗ್ದಾನ್ ಎರಡೂ ಒಂದೇ ಅಚ್ಚಿನ ಹೆಸರು. ಸ್ಲಾವ್ ಭಾಷೆಗಳಲ್ಲಿ 'ಬೊಗ್' ಅಂದರೆ ದೇವರು. ನಮ್ಮ ಭಗ, ಭಗವಂತ ಪದಗಳಿಗೆ ಅದು ನೆಂಟ. 'ದಾನ್' ಅಂದರೆ ಕೊಟ್ಟದ್ದು. ದಾನ, ದತ್ತ ಪದಗಳಿಗೆ ನೆಂಟ. ವಿಗ್ರಹವಾಕ್ಯ ಬರೆದರೆ 'ದೇವರಿಂದ ಕೊಡಲ್ಪಟ್ಟವನು'. ತೃತೀಯಾ ತತ್ಪುರುಷ, ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದ್ದೇ! ಹಾಗಂತ ಭಗದತ್ತ ಆನೆ ಏರಿ ಉಕ್ರೇನಿಗೆ ಹೋದ ಅಂತ ವಾಟ್ಸಾಪಿನಲ್ಲಿ ಹಾಕಬೇಡಿ. ಅವನು ಎಲ್ಲಿಗೂ ಹೋಗಲಿಲ್ಲ. ಎರಡು ಹೆಸರಿನ ಪದಗಳ ಬೇರು ಒಂದು, ಅಷ್ಟೇ.

ಈ ಟಿಪ್ಪಣಿಯಲ್ಲಿ ನಾನು ಹೇಳಬೇಕು ಅಂದುಕೊಂಡದ್ದು ಇದೇ ಬಿಡಿಸುವ ಕೆಲಸದ ಬಗ್ಗೆ. ಇಂಟರ್ನೆಟ್ಟಿನ ಹೆಸರಿನ ಪಟ್ಟಿಗಳಲ್ಲಿ ಒಂದೊಂದು ಹೆಸರಿನ ಮುಂದೆ ಒಂದೊಂದು ಪದ ಇರುತ್ತದೆ: ಧೈರ್ಯವಂತ, ತೇಜಸ್ವಿ, ಒಳ್ಳೆಯವನು. ಅದನ್ನು ಓದಿದರೆ ಸಂಜೆಗೆ ಮರೆತುಹೋಗುತ್ತದೆ. ಹೆಸರನ್ನು ತುಂಡು ಮಾಡಿ ಇಟ್ಟುಕೊಂಡರೆ ಹತ್ತು ತುಂಡಿನಲ್ಲಿ ಐವತ್ತು ಹೆಸರು ತಿಳಿಯುತ್ತವೆ. ಆಮೇಲೆ ಇನ್ನೊಂದು ಪ್ರಶ್ನೆ ಕೇಳಬೇಕು: ಈ ಹೆಸರನ್ನು ಯಾರು, ಯಾಕೆ ಇಟ್ಟರು? ಪಟ್ಟಿಯವರು ಅದನ್ನು ಕೇಳುವುದೇ ಇಲ್ಲ.

ದೇವರು ಕೊಟ್ಟ ಗಂಡುಮಕ್ಕಳು

'ದೇವರು ಕೊಟ್ಟ' ಎಂಬ ಹೆಸರು ಎಷ್ಟೊಂದು ಕಡೆ ಇದೆ ನೋಡಿ. ಗ್ರೀಕಿನಲ್ಲಿ ಥಿಯೊಡೋರ್: 'ಥಿಯೋಸ್' ದೇವರು, 'ಡೋರಾನ್' ಕಾಣಿಕೆ. ಯಾವ ದೇವರು ಅಂತ ಬಿಡಿಸಿ ಹೇಳಬೇಕಾದರೆ ಅಪೊಲೊಡೋರಸ್, ಅಂದರೆ ಅಪೊಲೋ ಕೊಟ್ಟವನು. ಲ್ಯಾಟಿನ್ನಿನಲ್ಲಿ ಅಡಿಯೊಡಾಟಸ್, ಸಂತ ಅಗಸ್ಟೀನನ ಮಗನ ಹೆಸರು. ಪರ್ಷಿಯನ್ನಿನಲ್ಲಿ ಖುದಾದಾದ್. ಇದು ನಮಗೆ ಹೊಸದಲ್ಲ. ಟಿಪ್ಪು ಸುಲ್ತಾನ ಶ್ರೀರಂಗಪಟ್ಟಣದಿಂದ ಆಳಿದ ತನ್ನ ರಾಜ್ಯವನ್ನು 'ಸರ್ಕಾರ್-ಎ-ಖುದಾದಾದ್' ಎಂದು ಕರೆದುಕೊಂಡಿದ್ದ. ಬಾಗ್ದಾದ್ ಊರಿನ ಹೆಸರೂ 'ದೇವರು ಕೊಟ್ಟದ್ದು' ಎಂಬ ಹಳೆಯ ಇರಾನಿ ಮಾತಿನಿಂದ ಬಂದದ್ದು ಅಂತ ಹೆಚ್ಚಿನ ವಿದ್ವಾಂಸರು ಹೇಳುತ್ತಾರೆ.

ದತ್ತ, ಡೋರಾನ್, ಡಾಟಸ್, ದಾದ್, ದಾನ್ – ಇವೆಲ್ಲ 'ದಾ' ಎಂಬ ಒಂದೇ ಬೇರಿನ ಚಿಗುರುಗಳು. ಹೀಬ್ರೂ, ಅರಬ್ಬಿ ಬೇರೆಯೇ ಮನೆತನ. ಅಲ್ಲಿ ಇದೇ ಅರ್ಥಕ್ಕೆ ನಥಾನಿಯಲ್, ಜೋನಾಥನ್, ಅತಾಉಲ್ಲಾ ಇವೆ. ಪದಕ್ಕೆ ಸಂಬಂಧ ಇಲ್ಲ. ಮಗು ಹುಟ್ಟಿದ ಖುಷಿ ಮಾತ್ರ ಎಲ್ಲ ಕಡೆ ಒಂದೇ.

ಹೀಬ್ರೂ ಹೆಸರುಗಳಿಗೆ ಒಂದು ವಿಶೇಷ ಇದೆ. ಅವುಗಳಲ್ಲಿ ಬಹಳಷ್ಟು ಪೂರ್ತಿ ವಾಕ್ಯಗಳು. ದಾನಿಯೇಲ ಅಂದರೆ 'ದೇವರು ನನ್ನ ನ್ಯಾಯಾಧಿಪತಿ'. ಇಸಾಕ ಅಂದರೆ 'ಅವನು ನಗುತ್ತಾನೆ'. ಮೈಕಲ್ ಅಂತೂ ಪ್ರಶ್ನೆ! ಮೀ-ಖಾ-ಏಲ್, 'ದೇವರಂತೆ ಯಾರಿದ್ದಾರೆ?' ಯಾರೂ ಇಲ್ಲ ಎಂಬುದೇ ಅದರ ಉತ್ತರ. ಎಷ್ಟೋ ಪಟ್ಟಿಗಳು ಮೈಕಲ್ ಅಂದರೆ 'ದೇವರಂಥವನು' ಎಂದು ಬರೆಯುತ್ತವೆ. ಅರ್ಥ ಪೂರ್ತಿ ತಲೆಕೆಳಗು.

ಕೀರ್ತಿಯ ತುಂಡು

'ಲೋಕವಿಶ್ರುತ' ಅಂತೀವಲ್ಲ, ಅದರಲ್ಲಿರುವ 'ಶ್ರುತ' ಅಂದರೆ ಕೇಳಿಬಂದದ್ದು. ಹತ್ತು ಜನರ ಕಿವಿಗೆ ಬಿದ್ದವನೇ ಹೆಸರುವಾಸಿ. ಸಂಸ್ಕೃತದಲ್ಲಿ 'ಶ್ರವಸ್' ಅಂದರೆ ಕೀರ್ತಿ. ರಾವಣ, ಕುಬೇರರ ಅಪ್ಪ ವಿಶ್ರವಸ್ಸಿನ ಹೆಸರಿನಲ್ಲಿ ಅದು ಕೂತಿದೆ. ಇದೇ ಬೇರು ಗ್ರೀಕಿನಲ್ಲಿ 'ಕ್ಲೆಯೋಸ್', ಸ್ಲಾವ್ ಭಾಷೆಗಳಲ್ಲಿ 'ಸ್ಲಾವ', ಹಳೆಯ ಜರ್ಮನ್ನಿನಲ್ಲಿ 'ಹ್ಲುದ್'. ಶಕಾರ, ಕಕಾರ, ಸಕಾರ, ಹಕಾರ – ಮೊದಲ ಅಕ್ಷರ ನಾಲ್ಕು ಕಡೆ ನಾಲ್ಕು ಥರ.

ಈಗ ಹೆಸರು ನೋಡಿ. ಪೆರಿಕ್ಲಿಸ್, ಸೊಫೊಕ್ಲಿಸ್. ಯಾರೊಸ್ಲಾವ್, ಮಿರೊಸ್ಲಾವ್, ಸ್ಟಾನಿಸ್ಲಾವ್. ಲುಡ್ವಿಗ್ ಅಂದರೆ 'ಹ್ಲುದ್' ಮತ್ತು 'ವಿಗ್', ಯುದ್ಧದಲ್ಲಿ ಹೆಸರಾದವನು. ಸಂಗೀತಗಾರ ಬೀಥೋವನ್‌ನ ಹೆಸರು ಇದೇ. ಫ್ರಾಂಕರ ಅರಸು ಕ್ಲೋವಿಸ್‌ನದೂ ಇದೇ. ಅದೇ ಹೆಸರು ಫ್ರೆಂಚರ ಬಾಯಲ್ಲಿ ಸವೆದು ಸವೆದು ಲೂಯಿ ಆಯಿತು, 18ನೇ ಲೂಯಿವರೆಗೂ ಸಿಂಹಾಸನದ ಮೇಲೆ ಕೂತಿತು.

ಹೆರಾಕ್ಲಿಸ್ ಅಂದರೆ 'ಹೇರಾ ದೇವಿಯ ಕೀರ್ತಿ'. ಕಥೆಯಲ್ಲಿ ಹೇರಾಗೆ ಅವನನ್ನು ಕಂಡರಾಗದು. ಕೂಸಾಗಿದ್ದಾಗ ತೊಟ್ಟಿಲಿಗೆ ಹಾವು ಬಿಟ್ಟವಳೇ ಅವಳು. ಅವಳ ಹೆಸರನ್ನೇ ಹೊತ್ತು ತಿರುಗಬೇಕಾಯಿತು, ಪಾಪ.

ಅರ್ಥ ಕೂಡಿಸಬಾರದ ಹೆಸರುಗಳು

ಇಲ್ಲಿ ಎಚ್ಚರ ಬೇಕು. ಹಳೆಯ ಜರ್ಮನ್, ಹಳೆಯ ಇಂಗ್ಲಿಷ್ ಹೆಸರುಗಳು ಎರಡೆರಡು ತುಂಡಿನವು. ರಿಚರ್ಡ್: ಅಧಿಕಾರ, ಗಟ್ಟಿ. ರಾಬರ್ಟ್: ಕೀರ್ತಿ, ಹೊಳಪು. ವಿಲಿಯಂ: ಸಂಕಲ್ಪ, ಶಿರಸ್ತ್ರಾಣ. ಎಡ್ವರ್ಡ್: ಸಿರಿ, ಕಾವಲುಗಾರ. 'ಸಿರಿಯ ಕಾವಲುಗಾರ' ಅಂತ ಜೋಡಿಸಿದರೆ ಚೆನ್ನಾಗೇ ಕೇಳುತ್ತದೆ. ಆದರೆ ಇಟ್ಟವರು ಹಾಗೆ ಜೋಡಿಸಿ ಯೋಚಿಸಿರಲಿಲ್ಲ, ತುಂಬಾ ಸಲ.

11ನೇ ಶತಮಾನದ ವೂಸ್ಟರಿನ ಬಿಷಪ್ ವುಲ್ಫ್‌ಸ್ಟಾನ್‌ನನ್ನೇ ತಗೊಳ್ಳಿ. 'ವುಲ್ಫ್' ತೋಳ, 'ಸ್ಟಾನ್' ಕಲ್ಲು. ತೋಳಗಲ್ಲು ಅಂದರೆ ಏನು? ಏನೂ ಇಲ್ಲ. ಅಪ್ಪನ ಹೆಸರು ಏತೆಲ್‌ಸ್ಟಾನ್, ಅಮ್ಮನ ಹೆಸರು ವುಲ್ಫ್‌ಗಿಫು. ಅಮ್ಮನಿಂದ ತೋಳ, ಅಪ್ಪನಿಂದ ಕಲ್ಲು ತಗೊಂಡು ಮಗನಿಗೆ ಇಟ್ಟರು. ಈಗ ನಮ್ಮಲ್ಲಿ ಅಪ್ಪನ ಹೆಸರಿನ ಮೊದಲ ಅಕ್ಷರ, ಅಮ್ಮನ ಹೆಸರಿನ ಕೊನೆಯ ಅಕ್ಷರ ಸೇರಿಸಿ ಮಗುವಿಗೆ ಹೆಸರಿಡುವವರನ್ನು ಕಂಡು ಹಿರಿಯರು ಗೊಣಗುತ್ತಾರಲ್ವಾ? ಸಾವಿರ ವರ್ಷದ ಹಿಂದಿನ ಚಾಳಿ ಇದು ಅಂತ ಹೇಳಬಹುದು.

1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದರು. ಆಮೇಲೆ ಕೆಲವೇ ತಲೆಮಾರುಗಳಲ್ಲಿ ವುಲ್ಫ್‌ಸ್ಟಾನ್ ಥರದ ಹೆಸರುಗಳು ಮೂಲೆಗೆ ಸರಿದವು. ವಿಲಿಯಂ, ರಾಬರ್ಟ್, ಹೆನ್ರಿಗಳು ಊರು ತುಂಬಿದರು. ಹೆಸರು ಬದಲಾಗಲು ಅರ್ಥವೇ ಕಾರಣ ಆಗಬೇಕಿಲ್ಲ. ಅರಮನೆಯಲ್ಲಿ ಯಾರಿದ್ದಾರೆ ಎಂಬುದೂ ಕಾರಣ.

ಜಪಾನಿನಲ್ಲಿ ಬೇರೆ ಥರದ ಬಲೆ ಇದೆ. ಇಚಿರೋ ಮೊದಲ ಮಗ, ಜಿರೋ ಎರಡನೆಯವನು, ಸಬುರೋ ಮೂರನೆಯವನು ಎಂಬ ಲೆಕ್ಕದ ಹೆಸರುಗಳಿವೆ. ಆದರೆ ಬೇಸ್‌ಬಾಲ್ ಆಟಗಾರ ಇಚಿರೋ ಸುಜುಕಿ ಮನೆಯ ಎರಡನೇ ಮಗ. ಅವನ 'ರೋ' ಬರೆಯುವ ಅಕ್ಷರ 'ಮಗ' ಎಂಬ ಅರ್ಥದ್ದಲ್ಲ, 'ಪ್ರಸನ್ನ' ಎಂಬ ಅರ್ಥದ್ದು. ಅಕ್ಷರ ನೋಡದೆ ಜಪಾನಿ ಹೆಸರಿಗೆ ಅರ್ಥ ಹೇಳಬೇಡಿ.

ಯೋಹಾನನ ವೇಷಗಳು

ಈಗ ಒಂದೇ ಹೆಸರಿನ ಬೆನ್ನು ಹತ್ತೋಣ. ಹೀಬ್ರೂವಿನ ಯೋಹಾನಾನ್, 'ಯೆಹೋವ ಕೃಪೆ ತೋರಿದ'. ಕನ್ನಡ ಬೈಬಲ್ಲಿನಲ್ಲಿ ಯೋಹಾನ. ಗ್ರೀಕರ ಬಾಯಲ್ಲಿ ನಡುವಿನ ಹಕಾರ ಬಿತ್ತು, ಯೋಆನ್ನೆಸ್ ಆಯಿತು. ಅಲ್ಲಿಂದ ಊರೂರಿಗೆ ಒಂದೊಂದು ವೇಷ. ರಷ್ಯಾದಲ್ಲಿ ಇವಾನ್, ಸ್ಪೇನಿನಲ್ಲಿ ಹುವಾನ್, ಇಟಲಿಯಲ್ಲಿ ಜೊವಾನ್ನಿ, ಐರ್ಲೆಂಡಿನಲ್ಲಿ ಶಾನ್, ವೇಲ್ಸಿನಲ್ಲಿ ಎವನ್, ಹಂಗೇರಿಯಲ್ಲಿ ಯಾನೋಶ್, ಆರ್ಮೇನಿಯಾದಲ್ಲಿ ಹೋವ್ಹಾನೆಸ್. ಕುರಾನಿನಲ್ಲಿ ಯಾಹ್ಯಾ. ಜರ್ಮನ್ನರು ಯೋಹಾನ್ನೆಸ್‌ನ ತಲೆ ಕತ್ತರಿಸಿ ಬಾಲ ಉಳಿಸಿಕೊಂಡರು, ಅದು ಹಾನ್ಸ್. ಪೋರ್ಚುಗೀಸರ ಜುವಾಂವ್ ಹಡಗಿನಲ್ಲಿ ಬಂದು ಗೋವೆ, ಮಂಗಳೂರುಗಳ ಕೊಂಕಣಿಯಲ್ಲೂ ಜುವಾಂವ್ ಆಗಿ ಇಳಿದಿದೆ.

ಈ ಬದಲಾವಣೆಗಳಿಗೆ ಬೆಚ್ಚಬೇಡಿ. ನಮ್ಮ ವ್ಯಾಕರಣದಲ್ಲೇ ಬೀಗದ ಕೈ ಇದೆ. ಸರ್ಬಿಯಾದಲ್ಲಿ ಈ ಹೆಸರು ಯೋವಾನ್. ಓ, ಆ ಎರಡು ಸ್ವರ ಪಕ್ಕಪಕ್ಕ ಬಂದಾಗ ನಡುವೆ ವಕಾರ ನುಗ್ಗಿದೆ. 'ಗುರು' ಮತ್ತು 'ಅನ್ನು' ಸೇರಿ 'ಗುರುವನ್ನು' ಆದ ಹಾಗೆ. ನಾವು ಇದನ್ನು ಆಗಮಸಂಧಿ ಅಂತೀವಿ.

ಇನ್ನು ಯಕಾರ ಜಕಾರ ಆದದ್ದು. ಯೋಹಾನ ಹೇಗೆ ಜಾನ್ ಆದ? ತತ್ಸಮ-ತದ್ಭವದ ಪಟ್ಟಿ ತೆಗೆಯಿರಿ. ಯಾತ್ರೆ ಜಾತ್ರೆ ಆಗಿದೆ. ಯೋಗಿ ಜೋಗಿ, ಯಮ ಜವ. ಲ್ಯಾಟಿನ್ನಿನ ಯಕಾರ ಫ್ರೆಂಚಿಗೆ ಬರುವಾಗ ಇದೇ ದಾರಿ ಹಿಡಿಯಿತು. ಅಲ್ಲಿಂದ ಇಂಗ್ಲಿಷಿಗೂ ಬಂತು. ಯೋಸೇಫ ಜೋಸೆಫ್ ಆದದ್ದು, ಯಾಕೋಬ ಜೇಕಬ್ ಆದದ್ದು ಹೀಗೇ. ಇರಾನಿನಲ್ಲೂ ಇದೇ ಕಥೆ. ಪಾರ್ಸಿಗಳ ಧರ್ಮಗ್ರಂಥ ಅವೆಸ್ತಾದ ಯಿಮ, ಅಂದರೆ ನಮ್ಮ ಯಮನ ದಾಯಾದಿ, ಕಾಲಕ್ರಮದಲ್ಲಿ ಜಮ್ ಆದ. 'ಹೊಳೆಯುವ ಯಿಮ' ಎಂಬುದು ಜಮ್‌ಶೀದ್ ಆಯಿತು. ಬೆಂಗಳೂರಿನಲ್ಲಿ ಟಾಟಾ ಇನ್‌ಸ್ಟಿಟ್ಯೂಟ್ ಅಂತ ಈಗಲೂ ಕರೆಯುವ ವಿಜ್ಞಾನ ಸಂಸ್ಥೆಯ ಕನಸು ಕಂಡ ಜಮ್‌ಸೇಟ್‌ಜಿ ಟಾಟಾ ಅವರ ಹೆಸರಿನೊಳಗೂ ಆ ಜಮ್ ಇದ್ದಾನೆ. ನಮ್ಮಲ್ಲಿ ಯಮ ಅಂತ ಹೆಸರಿಡುವ ಧೈರ್ಯ ಯಾರಿಗಿದೆ? ಇರಾನಿನ ಕಥೆಗಳಲ್ಲಿ ಅವನು ಸುವರ್ಣಕಾಲದ ದೊಡ್ಡ ಅರಸು.

ಹುಟ್ಟಿದ ವಾರವೇ ಹೆಸರು

ಘಾನಾದ ಅಕಾನ್ ಜನರಲ್ಲಿ ಮಗು ಹುಟ್ಟಿದ ವಾರದಿಂದಲೇ ಒಂದು ಹೆಸರು ಬರುತ್ತದೆ. ಗಂಡುಮಕ್ಕಳಿಗೆ ಭಾನುವಾರ ಕ್ವಾಸಿ, ಸೋಮವಾರ ಕ್ವಾಜೊ ಅಥವಾ ಕೋಜೊ, ಮಂಗಳವಾರ ಕ್ವಾಬೆನಾ, ಬುಧವಾರ ಕ್ವಾಕು, ಗುರುವಾರ ಯಾವ್, ಶುಕ್ರವಾರ ಕೋಫಿ, ಶನಿವಾರ ಕ್ವಾಮೆ. 1997ರಿಂದ 2006ರವರೆಗೆ ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿ ಆಗಿದ್ದ ಕೋಫಿ ಅನ್ನಾನ್ ಅವರದು ಶುಕ್ರವಾರದ ಹೆಸರು. 1957ರಲ್ಲಿ ಘಾನಾ ಸ್ವತಂತ್ರ ಆದಾಗ ಮುಂದೆ ನಿಂತ ಕ್ವಾಮೆ ಎನ್‌ಕ್ರುಮಾ ಅವರದು ಶನಿವಾರದ್ದು.

ತುಳುನಾಡಿನವರಿಗೆ ಇದು ಥಟ್ಟನೆ ಹೊಳೆದಿರುತ್ತದೆ. ಐತ, ಸೋಮ, ಅಂಗಾರ, ಬೂದ, ಗುರುವ, ತುಕ್ರ, ತನಿಯ. ಭಾನುವಾರದಿಂದ ಶನಿವಾರದವರೆಗೆ ಏಳೂ ಇವೆ. ಕರಾವಳಿಯಲ್ಲಿ ಜನ ಕೈಮುಗಿಯುವ ಕೊರಗಜ್ಜನ ಹೆಸರು ಕೊರಗ ತನಿಯ.

ಪದ್ಧತಿ ಒಂದೇ. ಬಾಳು ಮಾತ್ರ ಬೇರೆ. ಅಕಾನರಲ್ಲಿ ಅರಸನಿಗೂ ವಾರದ ಹೆಸರು, ಆಳಿಗೂ ವಾರದ ಹೆಸರು. ತುಳುನಾಡಿನಲ್ಲಿ ಈ ಹೆಸರುಗಳು ಹೆಚ್ಚಾಗಿ ಗದ್ದೆಯಲ್ಲಿ ದುಡಿಯುವ, ಜಾತಿಯ ಹೆಸರಿನಲ್ಲಿ ತುಳಿಸಿಕೊಂಡ ಮನೆಗಳಲ್ಲಿ ಉಳಿದವು. ಗುತ್ತಿನ ಮನೆಯಲ್ಲಿ, ಅಂದರೆ ಊರಿನ ಜಮೀನ್ದಾರರ ಮನೆಯಲ್ಲಿ, ತುಕ್ರ ಸಿಗುವುದು ಅಪರೂಪ. ಅಕಾನ್ ಹೆಸರುಗಳಿಗೂ ಒಂದು ಕಡೆ ಇದೇ ಗತಿ ಬಂತು. ಗುಲಾಮರಾಗಿ ಕೆರಿಬಿಯನ್ ದ್ವೀಪಗಳಿಗೆ ಸಾಗಿಸಲ್ಪಟ್ಟವರು ಹೆಸರನ್ನು ಜೊತೆಗೇ ಒಯ್ದರು. ಜಮೈಕಾದಲ್ಲಿ ಕೋಜೊ ಎಂಬುದು ಕಜೊ ಆಯಿತು. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಕಾಡು ಸೇರಿದ ಮರೂನ್ ಜನರಲ್ಲಿ ಆ ಹೆಸರಿನ ನಾಯಕ ಬ್ರಿಟಿಷರನ್ನು ಕಾಡಿನಲ್ಲಿ ಸುಸ್ತು ಮಾಡಿ 1739ರಲ್ಲಿ ಒಪ್ಪಂದಕ್ಕೆ ಎಳೆದ. ಆದರೆ ಅದೇ ಜಮೈಕಾದಲ್ಲಿ ಭಾನುವಾರದ ಕ್ವಾಸಿ 'ಕ್ವಾಶಿ' ಆಗಿ, ಪೆದ್ದ ಎಂಬ ಬೈಗುಳವಾಯಿತು. ನಿಘಂಟಿನಲ್ಲಿ ಎರಡಕ್ಕೂ ಸಿಗುವುದು ವಾರದ ಹೆಸರು, ಅಷ್ಟೇ.

ಬೇಕಂತಲೇ ಇಟ್ಟ ಕೆಟ್ಟ ಹೆಸರು

ತಿಪ್ಪಣ್ಣ, ಗುಂಡಪ್ಪ, ಕಲ್ಲಪ್ಪ, ತಿರುಕಪ್ಪ. ತಿಪ್ಪೆ, ಗುಂಡುಕಲ್ಲು, ಭಿಕ್ಷುಕ. ಹೆತ್ತವರು ಮಗನಿಗೆ ಹೀಗೆ ಯಾಕೆ ಇಟ್ಟರು? ಹಿಂದಿನ ಮಕ್ಕಳು ಉಳಿದಿರಲಿಲ್ಲ. ಹುಟ್ಟಿದ ಕೂಸನ್ನು ತಿಪ್ಪೆಯ ಮೇಲೆ ಒಂದು ಗಳಿಗೆ ಮಲಗಿಸಿ ಎತ್ತಿಕೊಂಡು ಬರುವ ಪದ್ಧತಿ ಇತ್ತು. ಇದು ಯಾರಿಗೂ ಬೇಡದ ಕಸ, ದೃಷ್ಟಿ ಹಾಕಬೇಡ, ಒಯ್ಯಬೇಡ ಎಂಬ ಉಪಾಯ. ಆದರೆ ಎಲ್ಲ ತಿಪ್ಪೇಸ್ವಾಮಿಗಳನ್ನೂ ತಿಪ್ಪೆಗೆ ಕಳಿಸಬೇಡಿ. ಚಿತ್ರದುರ್ಗದ ಕಡೆ ಈ ಹೆಸರು ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ಮೇಲಿನ ಭಕ್ತಿಯಿಂದ ಬಂದದ್ದು.

ಮಂಗೋಲಿಯಾದಲ್ಲಿ ನೆರ್‌ಗುಯ್ ಅಂದರೆ 'ಹೆಸರಿಲ್ಲ'. ಎನೆಬಿಶ್ ಅಂದರೆ 'ಇವನಲ್ಲ'. ಹುನ್‌ಬಿಶ್ ಅಂದರೆ 'ಮನುಷ್ಯನೇ ಅಲ್ಲ'. ಕೆಡುಕು ಹುಡುಕಿಕೊಂಡು ಬಂದರೆ ಮನೆ ತಪ್ಪಿ ವಾಪಸ್ ಹೋಗಬೇಕು. ಚೀನಾದ ಹಳ್ಳಿಗಳಲ್ಲಿ 'ನಾಯಿ ಬಿಟ್ಟದ್ದು' ಎಂಬ ಮುದ್ದುಹೆಸರಿದೆ, ಗೌಶೆಂಗ್. ಬಂಗಾಳದಲ್ಲಿ ತೀನ್‌ಕೊಡಿ, ಪಾಂಚ್‌ಕೊಡಿ. ತಾಯಿ ಮಗುವನ್ನು ಮೂರೋ ಐದೋ ಕವಡೆಗೆ ಬೇರೆಯವರಿಗೆ ಮಾರಿದಂತೆ ಮಾಡುತ್ತಿದ್ದಳು. ತನ್ನದಲ್ಲದ ಕೂಸು ತನ್ನ ದುರದೃಷ್ಟಕ್ಕೆ ಸಿಗಬಾರದು ಅಂತ. ತುರ್ಕಿಯಲ್ಲಿ ಸತಿಲ್ಮಿಶ್ ಅಂತ ಹೆಸರಿದೆ. ಅರ್ಥ, 'ಮಾರಲ್ಪಟ್ಟವನು'. ಅಲ್ಲೇ ದುರ್ಸುನ್ ಎಂಬುದೂ ಇದೆ, 'ಇರಲಿ, ಉಳಿಯಲಿ'. ಇದನ್ನು ಓದಿದಾಗ ನನಗೆ ಉಳಿದ ಯಾವ ಹೆಸರಿಗೂ ಆಗದ ಕರುಳು ಚುರುಕ್ ಅನ್ನುವ ಅನುಭವ ಆಯಿತು.

ಬಿಡಿಸಿ ನೋಡಿ

ನಾಲ್ಕು ಹೆಸರು ಕೊಡುತ್ತೇನೆ. ಮೇಲಿನ ತುಂಡುಗಳು ಸಾಕು.

ಇಸಿಡೋರ್. ಸುಳಿವು: ಈಜಿಪ್ಟಿನ ಒಬ್ಬ ದೇವಿ.

ಬೊಲೆಸ್ಲಾವ್. ಸುಳಿವು: 'ಬೊಲೆ' ಅಂದರೆ ಹೆಚ್ಚು, ಜಾಸ್ತಿ.

ಮಿಥ್ರಿಡೇಟಿಸ್. ರೋಮಿನ ಜೊತೆ ಮೂರು ಯುದ್ಧ ಮಾಡಿದ, ಪೊಂಟಸ್ ಎಂಬ ರಾಜ್ಯದ ಅರಸು. ಸುಳಿವು ಬೇಕಿಲ್ಲ. ಋಗ್ವೇದದ ಒಬ್ಬ ದೇವರು, ಭಗದತ್ತನ ಎರಡನೇ ತುಂಡು.

ದಾರಿಯಸ್. ಇದು ಸ್ವಲ್ಪ ಕಷ್ಟ. ಹಳೆಯ ಪರ್ಷಿಯನ್ನಿನಲ್ಲಿ ಈ ಹೆಸರು 'ದಾರಯವಉಶ್'. ಪಕ್ಕದಲ್ಲಿ ಸಂಸ್ಕೃತದ 'ಧಾರಯ', 'ವಸು' ಎರಡನ್ನೂ ಬರೆದುಕೊಳ್ಳಿ. ಇರಾನಿನವರಿಗೆ ಮಹಾಪ್ರಾಣ ಇಲ್ಲ, ಧಕಾರ ದಕಾರ ಆಗುತ್ತದೆ. ಸಿಂಧು ಹಿಂದು ಆದ ಹಾಗೆ ಸಕಾರ ಹಕಾರವಾಗಿ, ಇಲ್ಲಿ ಅದೂ ಬರವಣಿಗೆಯಲ್ಲಿ ಉಳಿದಿಲ್ಲ.