ಪತ್ರದಲ್ಲಿ ಇಲ್ಲದವರು

ಗೋಡೆಯ ಮೇಲೆ ಇದ್ದಿಲಿನಿಂದ ಗೀಚಿದ ಒಂದು ಸಾಲು: ‘ನತದೃಷ್ಟ ಹುವಾನ್ ಯುಸ್ಟೆ ಸೆರೆಯಲ್ಲಿದ್ದದ್ದು ಇಲ್ಲಿ.’ 1521ರ ಆರಂಭದಲ್ಲಿ ಮೆಕ್ಸಿಕೊದ ಒಂದು ಊರಿಗೆ ನುಗ್ಗಿದ ಸ್ಪೇನಿನ ಸೈನಿಕರ ಕಣ್ಣಿಗೆ ಇದು ಬಿತ್ತು. ಅಷ್ಟರಲ್ಲಿ ಬರೆದವನು ಬದುಕಿರಲಿಲ್ಲ. ಅದೇ ದಂಡಯಾತ್ರೆಯಲ್ಲಿದ್ದ ಸಿಪಾಯಿಯೊಬ್ಬ ಮುದಿವಯಸ್ಸಿನಲ್ಲಿ ಬರೆದ ನೆನಪುಗಳ ಪ್ರಕಾರ ಆ ಸಾಲು ಅಲ್ಲಿಗೇ ನಿಲ್ಲುವುದಿಲ್ಲ. ‘ನಾನು ಜೊತೆಯಲ್ಲಿ ಕರೆತಂದಿದ್ದ ಇನ್ನೂ ಅನೇಕರ ಸಂಗಡ’ ಎಂದು ಮುಂದುವರಿಯುತ್ತದೆ. ತನ್ನನ್ನೇ ಬೇರೆ ಯಾರೋ ಎನ್ನುವಂತೆ ಶುರುಮಾಡಿದವನು ಜೊತೆಯವರ ನೆನಪು ಬಂದ ಕೂಡಲೇ ‘ನಾನು’ ಆಗಿಬಿಟ್ಟಿದ್ದಾನೆ.

ಆ ‘ಅನೇಕರು’ ಯಾರು? ಮೆಕ್ಸಿಕೊವನ್ನು ಗೆದ್ದ ಹರ್ನಾನ್ ಕೊರ್ಟೆಸ್ 1522ರ ಮೇ ತಿಂಗಳಲ್ಲಿ ತನ್ನ ರಾಜನಿಗೆ ಬರೆದ ಪತ್ರದಲ್ಲಿ ಲೆಕ್ಕ ಕೊಟ್ಟಿದ್ದಾನೆ. 5 ಕುದುರೆ ಸವಾರರು, 45 ಕಾಲಾಳುಗಳು, ಜೊತೆಗೆ ಅವನ ಕಡೆ ಸೇರಿದ್ದ ಸ್ಥಳೀಯರಾದ 300 ಮಂದಿ ಟ್ಲಾಸ್ಕಾಲಾದವರು. ಇಷ್ಟೇ. ಸುಮಾರು 470 ವರ್ಷ ಇದೇ ಲೆಕ್ಕ ನಡೆಯಿತು. ಆಮೇಲೆ ಮೂಳೆಗಳು ಸಿಕ್ಕವು.

ಊರಿನ ಹೆಸರು ಸುಲ್ಟೆಪೆಕ್, ಅಂದರೆ ಲಾವಕ್ಕಿಗಳ ಗುಡ್ಡ. ಇವತ್ತಿನ ಟ್ಲಾಸ್ಕಾಲಾ ರಾಜ್ಯದ ಕಾಲ್ಪುಲಾಲ್ಪಾನ್ ಹತ್ತಿರ ಇದೆ. ಅಲ್ಲಿದ್ದವರು ಅಕೊಲ್ವಾ ಜನ, ಆಜ್ಟೆಕ್ ಸಾಮ್ರಾಜ್ಯದ ಪಾಲುದಾರ ಪಟ್ಟಣ ಟೆಸ್ಕೊಕೊದ ಕಡೆಯವರು. ಯುಸ್ಟೆಯ ತಂಡವನ್ನು ಇಲ್ಲಿ ಹಿಡಿದು ಕೊಂದಮೇಲೆ ಊರಿಗೆ ಇನ್ನೊಂದು ಹೆಸರು ಅಂಟಿಕೊಂಡಿತು, ಟೆಕೊವಾಕೆ. ಅದರ ಅರ್ಥ ‘ಅವರನ್ನು ತಿಂದ ಜಾಗ’. ಮೆಕ್ಸಿಕೊದ ಸರ್ಕಾರಿ ಪುರಾತತ್ವ ಸಂಸ್ಥೆ 1990ರ ದಶಕದಿಂದ ಇಲ್ಲಿ ಅಗೆಯುತ್ತಿದೆ. ಕೆಲಸದ ಮುಂದಾಳು ಎನ್ರಿಕೆ ಮಾರ್ಟಿನೆಸ್ ವರ್ಗಾಸ್.

ಅಗೆತದಿಂದ ಹೊರಬಂದ ಲೆಕ್ಕವೇ ಬೇರೆ. ಆ ತಂಡದಲ್ಲಿ ಸುಮಾರು 15 ಮಂದಿ ಸ್ಪೇನಿನ ಗಂಡಸರಿದ್ದರು. ಕಾಲಾಳುಗಳು 45, ಅವರಲ್ಲಿ ಕ್ಯೂಬಾದಿಂದ ಬಂದ ಆಫ್ರಿಕನ್ ಮೂಲದವರೂ ಅಲ್ಲಿನ ಮೂಲನಿವಾಸಿಗಳೂ ಸೇರಿದ್ದರು. ಸ್ಥಳೀಯ ಮಿತ್ರರು ಸುಮಾರು 350. ಇವರ ಜೊತೆ 50 ಹೆಂಗಸರು, 10 ಮಕ್ಕಳು. ಪತ್ರ ಸೈನಿಕರನ್ನು ಮಾತ್ರ ಎಣಿಸಿತ್ತು. ಮೂಳೆಗಳಿಗೆ ಆ ಭೇದ ಗೊತ್ತಿಲ್ಲ.

ಇಷ್ಟು ಜನ ಆ ದಾರಿಗೆ ಯಾಕೆ ಬಂದರು? 1520ರ ಏಪ್ರಿಲ್ ತಿಂಗಳಲ್ಲಿ ಕೊರ್ಟೆಸ್‌ನನ್ನು ಹಿಡಿಯಲು ಕ್ಯೂಬಾದಿಂದ ನಾರ್ವಾಯೆಸ್ ಎಂಬಾತನ ದಂಡು ಕರಾವಳಿಗೆ ಬಂದಿಳಿದಿತ್ತು. ಕೊರ್ಟೆಸ್ ಅವನನ್ನು ಸೋಲಿಸಿದ. ಅದೇ ಹೊತ್ತಿಗೆ ಆಜ್ಟೆಕರ ರಾಜಧಾನಿ ಟೆನೋಚ್ಟಿಟ್ಲಾನ್‌ನಲ್ಲಿ ಅವನ ಕಡೆಯವರು ಹಬ್ಬದ ದಿನ ಕುಣಿಯುತ್ತಿದ್ದ ಗಣ್ಯರನ್ನು ಕಡಿದುಹಾಕಿ ಊರನ್ನೇ ಮೈಮೇಲೆ ಎಳೆದುಕೊಂಡಿದ್ದರು. ಅವರನ್ನು ಬಿಡಿಸಲು ಕೊರ್ಟೆಸ್ ಗಟ್ಟಿಮುಟ್ಟಾದ ಸೈನಿಕರನ್ನು ಕರೆದುಕೊಂಡು ಓಡಿದ. ಸಾಮಾನು, ಹಂದಿ, ಹೆಂಗಸರು, ಮಕ್ಕಳು ಹಿಂದಿನಿಂದ ನಿಧಾನವಾಗಿ ಬಂದರು. ಕಾವಲಿಗೆ ಐದೇ ಕುದುರೆ. ಕರಾವಳಿಯಿಂದ ರಾಜಧಾನಿಗೆ ಸುಮಾರು 400 ಕಿಲೊಮೀಟರ್, ಮಧ್ಯೆ ಬೆಟ್ಟಸಾಲು. ಅವರು ಇನ್ನೂ ದಾರಿಯಲ್ಲಿರುವಾಗಲೇ ಇಡೀ ನಾಡು ತಿರುಗಿಬಿದ್ದಿತ್ತು.

ಇದೇ ನಾಡಿನ ದಾರಿಗಳಲ್ಲಿ ಹುಷಾರಾಗಿ ಓಡಾಡುವುದು ಹೇಗೆ ಅಂತ ಚೆನ್ನಾಗಿ ಗೊತ್ತಿದ್ದ ಜನ ಇದ್ದರು. ಆಜ್ಟೆಕರ ದೂರದೂರಿನ ವ್ಯಾಪಾರಿಗಳಾದ ಪೊಚ್ಟೆಕಾಗಳು. ಅವರ ಕಥೆಯನ್ನು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ.

ಅಲ್ಲಿ ಎತ್ತಿಲ್ಲ, ಗಾಡಿಯಿಲ್ಲ. ಹೊರುವ ಪ್ರಾಣಿ ಅಂದರೆ ಮನುಷ್ಯನೇ. ಹಣೆಗೆ ಅಗಲವಾದ ಪಟ್ಟಿ ಕೊಟ್ಟು, ಅದರಿಂದ ಬೆನ್ನಿನ ಮೇಲೆ ಹೊರೆ ಇಳಿಬಿಟ್ಟುಕೊಂಡು, ಒಬ್ಬೊಬ್ಬ ಸುಮಾರು 23 ಕಿಲೊ ಹೊತ್ತು ನಡೆಯಬೇಕು. ಹೊರಡಲು ಒಳ್ಳೆಯ ದಿನ ನೋಡುತ್ತಿದ್ದರು. ಹಿಂದಿನ ದಿನ ಕ್ಷೌರ ಮಾಡಿಸಿ ತಲೆ ತೊಳೆದರೆ ಮುಗಿಯಿತು, ಮನೆಗೆ ವಾಪಸ್ ಬರುವವರೆಗೆ ತಲೆಗೆ ನೀರಿಲ್ಲ. ಹೊರಟವರು ತಿರುಗಿ ನೋಡುವಂತಿರಲಿಲ್ಲ. ಮೊದಲ ಸಲ ಹೊರಡುವ ಹುಡುಗರನ್ನು ತಂದೆತಾಯಿಗಳು ಹಿರಿಯ ವ್ಯಾಪಾರಿಗಳ ಕೈಗೆ ಒಪ್ಪಿಸುತ್ತಿದ್ದರು.

ರಾತ್ರಿ ತಂಗಿದಲ್ಲಿ ಎಲ್ಲರೂ ತಮ್ಮ ತಮ್ಮ ಊರುಗೋಲುಗಳನ್ನು ಒಟ್ಟು ಸೇರಿಸಿ ಒಂದೇ ಕಟ್ಟು ಕಟ್ಟುತ್ತಿದ್ದರು. ಆ ಕಟ್ಟೇ ಅವರ ದೇವರು ಯಕಟೆಕುಟ್ಲಿ. ಅದರ ಮುಂದೆ ಧೂಪ ಹಾಕಿ, ಕಿವಿ ಚುಚ್ಚಿಕೊಂಡು ನಾಲ್ಕು ಹನಿ ರಕ್ತ ಕೊಟ್ಟು ಮಲಗುತ್ತಿದ್ದರು. ಒಬ್ಬನ ಕೋಲು ಬರೀ ಕೋಲು. ಎಲ್ಲರದ್ದೂ ಸೇರಿದರೆ ದೇವರು. ಇದಕ್ಕಿಂತ ಸರಳವಾಗಿ ಈ ಮಾತನ್ನು ಹೇಳಿದವರನ್ನು ನಾನು ಕಂಡಿಲ್ಲ.

ಅವರಲ್ಲೇ ಇನ್ನೊಂದು ಪಂಗಡ ವೇಷ ಹಾಕಿಕೊಂಡು ಶತ್ರುಗಳ ಊರಿಗೆ ಹೋಗುತ್ತಿತ್ತು. ಆ ಊರಿನವರ ಹಾಗೆ ಕೂದಲು ಕತ್ತರಿಸಿಕೊಂಡು, ಅವರ ಭಾಷೆ ಕಲಿತು, ಅಂಬರ್ ಮತ್ತು ಹಕ್ಕಿಗರಿ ಕೊಳ್ಳುವ ನೆಪದಲ್ಲಿ ಸುದ್ದಿಯನ್ನೂ ಕಟ್ಟಿಕೊಂಡು ಬರುತ್ತಿದ್ದರು. ಗುಟ್ಟು ರಟ್ಟಾದರೆ ಕೊಂದು ಮೆಣಸಿನಕಾಯಿ ಸಾರಿನಲ್ಲಿ ಬೇಯಿಸುತ್ತಿದ್ದರು ಅಂತ ಆ ವ್ಯಾಪಾರಿಗಳ ವಂಶದವರೇ ಮುಂದೆ ಸ್ಪೇನಿನ ಪಾದ್ರಿಗೆ ಹೇಳಿ ಬರೆಸಿದ್ದಾರೆ. (ಮೆಣಸಿನಕಾಯಿ ನಮ್ಮ ಅಡುಗೆಮನೆಗೆ ಬಂದದ್ದೂ ಆ ಕಡೆಯಿಂದಲೇ ಅಲ್ವಾ.) ಒಮ್ಮೆ ದಕ್ಷಿಣದ ತೀರದ ಕಡೆ ಇವರ ತಂಡವನ್ನು ಶತ್ರುಗಳು ಸುತ್ತುವರಿದು ನಾಲ್ಕು ವರ್ಷ ಹಿಡಿದಿಟ್ಟಿದ್ದರು. ಬಿಡಿಸಲು ರಾಜಧಾನಿಯಿಂದ ಸೇನೆ ಹೊರಟಿತು. ಅದು ಇನ್ನೂ ದಾರಿಯಲ್ಲಿದ್ದಾಗ ಈ ವ್ಯಾಪಾರಿಗಳು ತಾವೇ ಕಾದಾಡಿ ಗೆದ್ದು ಎದುರಿಗೆ ಬಂದರು. ನಾಲ್ಕು ವರ್ಷ ಕ್ಷೌರವಿಲ್ಲದ ಕೂದಲು ಸೊಂಟದವರೆಗೆ ಇಳಿದಿತ್ತಂತೆ.

ದಾರಿಯಲ್ಲಿ ಸತ್ತವನನ್ನೂ ಬಿಟ್ಟು ಹೋಗುತ್ತಿರಲಿಲ್ಲ. ಅವನ ಮೈಗೆ ಬಣ್ಣ ಬಳಿದು, ಹೊರೆ ಹೊರುವ ಚೌಕಟ್ಟಿಗೇ ಕಟ್ಟಿ, ಗುಡ್ಡದ ನೆತ್ತಿಯ ಮೇಲೆ ಎತ್ತಿ ನಿಲ್ಲಿಸುತ್ತಿದ್ದರು. ಯುದ್ಧದಲ್ಲಿ ಸತ್ತವನ ಹಾಗೆ ಅವನೂ ಸೂರ್ಯನ ಬಳಿ ಹೋಗುತ್ತಾನೆ ಎಂದು ನಂಬಿಕೆ.

ಯುಸ್ಟೆಯ ತಂಡಕ್ಕೆ ಇದ್ಯಾವುದೂ ಇರಲಿಲ್ಲ. ಐದಾರು ಭಾಷೆಯ ಜನ, ನಿನ್ನೆ ಮೊನ್ನೆ ಒಟ್ಟಾದವರು. ಅವರು ವೇಷ ಹಾಕಿಕೊಳ್ಳುವುದಂತೂ ಸಾಧ್ಯವೇ ಇರಲಿಲ್ಲ. ಗಡ್ಡ, ಕುದುರೆ, ಹಂದಿ ಎಲ್ಲವೂ ದೂರದಿಂದಲೇ ಅವರ ಗುರುತು ಹೇಳುತ್ತಿದ್ದವು.

ಪುರಾತತ್ವದವರಿಗೆ ಉಪಕಾರವಾದದ್ದೂ ಇದೇ. ಅಮೆರಿಕದ ಮೂಲ ಕುದುರೆಗಳು ಸುಮಾರು ಹತ್ತು ಸಾವಿರ ವರ್ಷಗಳ ಹಿಂದೆಯೇ ಅಳಿದುಹೋಗಿದ್ದವು. ಸಾಕುಹಂದಿ ಅಲ್ಲಿ ಯಾವತ್ತೂ ಇರಲಿಲ್ಲ. ಕೊರ್ಟೆಸ್ ಬಂದಿಳಿದದ್ದು 1519ರಲ್ಲಿ. ಹಾಗಾಗಿ ಆಜ್ಟೆಕ್ ಕಾಲದ ಮಣ್ಣಿನ ಪದರದಲ್ಲಿ ಒಂದು ಕುದುರೆ ಹಲ್ಲು ಸಿಕ್ಕರೆ ಸಾಕು, ಅದು ತಾರೀಖಿನ ಮೊಹರು ಒತ್ತಿದ ಹಾಗೆ. ಆ ಪದರ 1519ಕ್ಕಿಂತ ಹಿಂದಿನದಾಗಲು ಸಾಧ್ಯವಿಲ್ಲ.

ಸೆರೆಯಾದವರನ್ನು ಬಾಗಿಲಿಲ್ಲದ ಕೋಣೆಗಳಲ್ಲಿ ಇಟ್ಟಿದ್ದರು. ಊಟ ಕೊಡುತ್ತಿದ್ದರು. ಆರು ತಿಂಗಳಿಗೂ ಹೆಚ್ಚು ಕಾಲ ಒಮ್ಮೆಗೆ ಕೆಲವರಂತೆ ಆರಿಸಿ ದೇವರಿಗೆ ಬಲಿ ಕೊಟ್ಟರು. ಉಳಿದವರಿಗೆ ಅದು ಕೇಳಿಸುತ್ತಿತ್ತು. ಒಳಗೆ ಯಾರು ಯಾರನ್ನು ಸಂತೈಸಿದರು, ಯಾರು ಯಾರನ್ನು ಹಿಂದಕ್ಕೆ ಬಚ್ಚಿಟ್ಟುಕೊಂಡರು ಅಂತ ಮೂಳೆ ಹೇಳುವುದಿಲ್ಲ. ಮೂಳೆ ಹೇಳುವುದು ಬೇರೆ ಸಂಗತಿಗಳನ್ನು.

ಹಸಿ ಮೂಳೆ ಮತ್ತು ಒಣಮೂಳೆ ಮುರಿಯುವ ರೀತಿ ಬೇರೆ ಬೇರೆ. ಹಸಿ ಕೊಂಬೆಗೂ ಒಣ ಸೌದೆಗೂ ಇರುವ ವ್ಯತ್ಯಾಸ ನೆನಪಿಸಿಕೊಳ್ಳಿ. ಸಾವಿನ ಹೊತ್ತಿಗೆ ಮುರಿದದ್ದರ ಅಂಚು ಓರೆಯಾಗಿ, ನುಣುಪಾಗಿ ಸೀಳಿರುತ್ತದೆ. ನೂರಾರು ವರ್ಷದ ನಂತರ ಮಣ್ಣಿನ ಭಾರಕ್ಕೆ ಮುರಿದದ್ದು ಮೊಂಡಾಗಿ, ಒರಟಾಗಿ ತುಂಡಾಗಿರುತ್ತದೆ. ಜ್ವಾಲಾಮುಖಿಯ ಗಾಜುಗಲ್ಲಿನ ಚೂರಿ ಹಾಯಿಸಿದರೆ ಮೂಳೆಯ ಮೇಲೆ ಕೂದಲೆಳೆಯಂಥ ಗೀರು ಉಳಿಯುತ್ತದೆ. ಆ ಗೀರುಗಳು ಕೀಲಿನ ಹತ್ತಿರ, ಮಾಂಸಖಂಡ ಅಂಟಿಕೊಳ್ಳುವ ಕಡೆಯೇ ಸಾಲಾಗಿ ಇದ್ದರೆ ಅದು ಯುದ್ಧದ ಗಾಯವಲ್ಲ. ಯಾರೋ ಕೂತು ಮಾಂಸ ಬಿಡಿಸಿದ್ದಾರೆ. ಇಲ್ಲಿ ಸಿಕ್ಕ ಯುರೋಪಿಯನ್ನರ ಮೂಳೆಗಳ ಮೇಲೆ ಇಂಥ ಗೀರುಗಳಿವೆ. ತಲೆಬುರುಡೆಗಳನ್ನು ಪೋಣಿಸಿ ಸಾಲಾಗಿ ತೂಗುಹಾಕಿದ್ದರು.

ಹಂದಿಗಳ ಕಥೆ ವಿಚಿತ್ರ. ಅವನ್ನು ಕೊಂದಿದ್ದಾರೆ, ಆದರೆ ಮುಟ್ಟಿಲ್ಲ. ಇಡೀ ಅಸ್ಥಿಪಂಜರ ಹಾಗೇ ಸಿಕ್ಕಿದೆ. ಕುದುರೆಗಳನ್ನು ತಿಂದ ಗುರುತಿದೆ, ಆದರೆ ಆ ಗುಂಪಿನಲ್ಲಿ ನಿಜವಾಗಿ ತಿನ್ನಲೆಂದೇ ತಂದಿದ್ದ ಪ್ರಾಣಿಯನ್ನು ಮಾತ್ರ ಅನುಮಾನದಿಂದ ದೂರ ಇಟ್ಟರು.

ಗಂಡಸರ ಬುರುಡೆಗಳ ಪಕ್ಕದಲ್ಲೇ ಹೆಂಗಸರ ಬುರುಡೆಗಳೂ ಇದ್ದವು. ಯೋಧರಿಗೆ ಮೀಸಲಾದ ಜಾಗದಲ್ಲಿ ಇವರು ಯಾಕೆ? ಆ ಹೆಂಗಸರು ಬಸುರಿಯರಾಗಿದ್ದರು ಎಂದು ಮೂಳೆಗಳ ಪರೀಕ್ಷೆಯಿಂದ ತಿಳಿಯಿತು. ಆಜ್ಟೆಕರ ಲೆಕ್ಕದಲ್ಲಿ ಹೆರಿಗೆ ಅಂದರೆ ಯುದ್ಧ. ಮಗು ಅಂದರೆ ಹಿಡಿದು ತಂದ ಸೆರೆಯಾಳು. ಹೆರಿಗೆಯಲ್ಲಿ ತೀರಿಕೊಂಡವಳಿಗೆ ರಣರಂಗದಲ್ಲಿ ಸತ್ತವನಷ್ಟೇ ಗೌರವ. ಅವಳ ಎಡಗೈಯ ನಡುಬೆರಳು ಅಥವಾ ಕೂದಲು ಸಿಕ್ಕರೆ ಗುರಾಣಿಯಲ್ಲಿ ಇಟ್ಟುಕೊಳ್ಳಬಹುದು, ಶತ್ರು ಕಣ್ಣು ಕಟ್ಟಿದಂತಾಗುತ್ತಾನೆ ಎಂದು ಪಡ್ಡೆ ಯೋಧರು ಹೆಣ ಕದಿಯಲು ಬರುತ್ತಿದ್ದರು. ಅದಕ್ಕೇ ಸೂಲಗಿತ್ತಿಯರು ಕೈಯಲ್ಲಿ ಗುರಾಣಿ ಹಿಡಿದು ಶವದ ಜೊತೆ ನಡೆಯುತ್ತಿದ್ದರು. ಗಂಡ ನಾಲ್ಕು ರಾತ್ರಿ ಗೋರಿ ಕಾಯುತ್ತಿದ್ದ. ಇಂಥ ನಂಬಿಕೆಯ ಊರಿನಲ್ಲಿ ಹೊರಗಿನ ಬಸುರಿಯರನ್ನೂ ಯೋಧರ ಸಾಲಿಗೆ ಸೇರಿಸಿದ್ದಾರೆ. ಆ ಗೌರವ ಅವರಿಗೆ ಏನು ಒಳ್ಳೆಯದು ಮಾಡಿತು ಅನ್ನುವುದು ಬೇರೆ ಮಾತು.

1521ರ ಆರಂಭದಲ್ಲಿ ತನ್ನ ದಳಪತಿ ಗೊನ್ಸಾಲೊ ಡಿ ಸಾಂಡೊವಲ್‌ನನ್ನು ಕೊರ್ಟೆಸ್ ಈ ಊರಿನ ಮೇಲೆ ಕಳಿಸಿದ. ದಂಡು ಬರುತ್ತಿದೆ ಎಂದು ಗೊತ್ತಾದ ಕೂಡಲೇ ಊರಿನವರು ಮೂಳೆ, ಒಡವೆ, ಪಾತ್ರೆ ಎಲ್ಲವನ್ನೂ ನೀರಿನ ತೊಟ್ಟಿಗಳಿಗೆ ತುಂಬಿ ಮಣ್ಣು ಮುಚ್ಚಿದರು. ಗುರುತು ಅಳಿಸಲು ಮಾಡಿದ ಈ ಕೆಲಸದಿಂದಲೇ ಗುರುತು ಉಳಿಯಿತು. ಸುಮ್ನೆ ಬಯಲಲ್ಲಿ ಬಿಟ್ಟಿದ್ದರೆ ಮಳೆ, ನಾಯಿ, ನೇಗಿಲು ಸೇರಿ ಐನೂರು ವರ್ಷದಲ್ಲಿ ಏನೂ ಉಳಿಸುತ್ತಿರಲಿಲ್ಲ.

ಸಾಂಡೊವಲ್ ಅಲ್ಲಿ ಏನು ಮಾಡಿದ? ಮತ್ತೆ ಕೊರ್ಟೆಸ್‌ನ ಪತ್ರ ನೋಡಬೇಕು. ಊರಿನವರು ಓಡಿದರು, ಬೆನ್ನಟ್ಟಿ ಬಹಳ ಮಂದಿಯನ್ನು ಕೊಂದರು, ಹೆಂಗಸರು ಮಕ್ಕಳನ್ನು ಗುಲಾಮರಾಗಿ ಹಿಡಿದರು. ಆದರೂ ಸಾಂಡೊವಲ್‌ಗೆ ಕರುಣೆ ಬಂತು, ಕೊಲ್ಲಬಹುದಾಗಿದ್ದಷ್ಟು ಜನರನ್ನು ಅವನು ಕೊಲ್ಲಲಿಲ್ಲ, ಉಳಿದವರನ್ನು ಒಟ್ಟುಗೂಡಿಸಿ ಮತ್ತೆ ಊರಲ್ಲಿ ಕೂರಿಸಿದ, ಈಗ ಅಲ್ಲಿ ಜನ ತುಂಬಿದ್ದಾರೆ, ಮಾಡಿದ್ದಕ್ಕೆ ಪಶ್ಚಾತ್ತಾಪ ಪಡುತ್ತಿದ್ದಾರೆ ಎಂದು ಪತ್ರ ಹೇಳುತ್ತದೆ.

2021ರ ಜನವರಿಯಲ್ಲಿ ಮೆಕ್ಸಿಕೊದ ಸಂಸ್ಥೆ ಪ್ರಕಟಿಸಿದ ವರದಿ ಹೇಳುವುದು ಇನ್ನೊಂದನ್ನು. ಊರಿನ ಯೋಧರಲ್ಲಿ ಕೆಲವರು ತಪ್ಪಿಸಿಕೊಂಡರು. ಸಿಕ್ಕಿಬಿದ್ದವರಲ್ಲಿ ಜಾಸ್ತಿ ಹೆಂಗಸರು, ಮಕ್ಕಳು. ಮುಖ್ಯ ಬೀದಿಯ 120 ಮೀಟರ್ ಉದ್ದಕ್ಕೂ ಅವರ ಅಸ್ಥಿಪಂಜರಗಳು ಸಿಕ್ಕಿವೆ. ಓಡುತ್ತಿದ್ದಾಗ ಕಡಿದು, ಅವಸರದಲ್ಲಿ ಹೂತ ಹಾಗಿದೆ. ಅವುಗಳಲ್ಲಿ ಹನ್ನೆರಡು ಹೆಂಗಸರದ್ದು. ಅವರ ಜೊತೆಗೆ ಹತ್ತು ಮಕ್ಕಳದ್ದು. ಹೆಂಗಸರು ಮಕ್ಕಳನ್ನು ‘ಕಾಪಾಡುತ್ತಿರುವಂತೆ’ ಕಾಣುತ್ತಾರೆ ಎಂದು ವರದಿ ಹೇಳುತ್ತದೆ. ಆ ಒಂದು ಪದವನ್ನು ಅವರು ಉದ್ಧರಣ ಚಿಹ್ನೆಯೊಳಗೆ ಇಟ್ಟಿದ್ದಾರೆ. ಅದು ಸರಿಯೇ. ಯಾರ ಮೂಳೆ ಯಾರ ಪಕ್ಕದಲ್ಲಿದೆ ಎಂದು ಅಳತೆಪಟ್ಟಿ ಹಿಡಿದು ಹೇಳಬಹುದು. ಯಾಕೆ ಪಕ್ಕದಲ್ಲಿದೆ ಎಂದು ಹೇಳಲು ಅಳತೆಪಟ್ಟಿ ಸಾಲದು. ಆದರೂ ಅಗೆದವರು ಆ ಪದವನ್ನು ಬಿಟ್ಟುಬಿಡಲಿಲ್ಲ. ನಾನಾಗಿದ್ದರೂ ಬಿಡುತ್ತಿರಲಿಲ್ಲ.

ಮಕ್ಕಳ ವಯಸ್ಸು ಐದು, ಆರು. ಇದರಲ್ಲಿ ಜಾಸ್ತಿ ಅನುಮಾನಕ್ಕೆ ಜಾಗವಿಲ್ಲ, ಹಲ್ಲು ಹೇಳುತ್ತದೆ. ಆ ವಯಸ್ಸಿನ ದವಡೆಯಲ್ಲಿ ಹಾಲುಹಲ್ಲುಗಳು ಇನ್ನೂ ಸಾಲಾಗಿರುತ್ತವೆ, ಕೆಳಗೆ ಮೂಳೆಯೊಳಗೆ ದೊಡ್ಡ ಹಲ್ಲುಗಳು ಕಾದು ಕೂತಿರುತ್ತವೆ, ತೀರಾ ಹಿಂದೆ ಮೊದಲ ದವಡೆಹಲ್ಲು ಆಗಷ್ಟೇ ಮೇಲೇಳುತ್ತಿರುತ್ತದೆ.

ಯುಸ್ಟೆಯ ತಂಡದಲ್ಲಿದ್ದ ಮಕ್ಕಳೂ ಹತ್ತೇ.